ಮಾಷ್ಟ್ರು ಕೆಟ್ಟರು ಎಂದೆಯಲ್ಲ, ಗೆಳೆಯಾ

ಬಾಯಾರು, ಕಾಸರಗೋಡು
ಆಟಿ ಅಮಾವಾಸ್ಯೆಯ ಮರುದಿನ

ಪ್ರಿಯ ಗೆಳೆಯಾ,

ನಿನ್ನ ಧ್ವನಿ ಸಂದೇಶವನ್ನು ಎರಡು ಸಲ ಕೇಳಿದೆ. ಮೊದಲ ಸಲ ಗ್ರೈಂಡರಿನ ಸದ್ದಿನ ನಡುವೆ. ಕಿವಿಗೆ ತಪ್ಪಾಗಿ ಬಿತ್ತೇನೋ ಎಂದು ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ. ತಪ್ಪೇನೂ ಆಗಿರಲಿಲ್ಲ. ನಮಗೆ ಬೆಸುಗೆ, ಅಂದರೆ ವೆಲ್ಡಿಂಗ್, ಕಲಿಸಿದ ಮಾಷ್ಟ್ರ ಬಗ್ಗೆ ನೀನು "ಅಂಥ ಕೈ ಇಟ್ಟುಕೊಂಡು ಗಲ್ಫಿಗೆ ಹೋಗದೆ ಊರಲ್ಲೇ ಕುಳಿತು ಮಾಷ್ಟ್ರು ಕೆಟ್ಟರು. ವಾರವಿಡೀ ಮಕ್ಕಳ ಕೈಯಲ್ಲಿ ರಾಡ್ ಹಿಡಿಸಿದ್ದು, ಭಾನುವಾರ ಗುಡ್ಡೆ ಸುತ್ತಿದ್ದು, ಮತ್ತೇನು?" ಎಂದಿದ್ದೀಯೆ. ನನಗೆ ಸಿಟ್ಟು ಬಂತು. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಜಗಳವಾಡಲು ನನಗೆ ಬರುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಬ್ಯಾಚಿನವರು ಉಳಿದವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆಯೇ ಹಾಕುತ್ತಿದ್ದೇನೆ. ಅವರಲ್ಲಿ ಅರ್ಧ ಜನ ನಿನ್ನ ಪಕ್ಷವೇ ಎಂಬುದು ನನಗೆ ಗೊತ್ತಿದೆ.

ಮೇ 31ಕ್ಕೆ ಅವರು ನಿವೃತ್ತರಾದರು. ಕೇರಳದ ಸರಕಾರಿ ನೌಕರರಲ್ಲಿ ಬಹಳ ಜನರಿಗೆ ನಿವೃತ್ತಿಯ ವಯಸ್ಸು 56 ತುಂಬುವುದು ಅದೇ ತಿಂಗಳಲ್ಲಿ. ಹಿಂದೆ ಜೂನಿನಲ್ಲಿ ಶಾಲೆಗೆ ಸೇರಿಸಲು ವಯಸ್ಸು ಸರಿಹೊಂದಬೇಕೆಂದು ಮೇ ತಿಂಗಳ ಯಾವುದೋ ಒಂದು ದಿನವನ್ನು ಹುಟ್ಟುದಿನವೆಂದು ಬರೆಸುತ್ತಿದ್ದರಲ್ಲ, ಅದರ ಫಲ. ಭಾಷಣ, ಶಾಲು, ಚಿಕನ್ ಬಿರಿಯಾನಿ ಎಲ್ಲ ಆಯಿತು. ಮಾಷ್ಟ್ರು ಮಾತನಾಡಿದ್ದು ಎರಡು ನಿಮಿಷ. ಅದರಲ್ಲಿ ಒಂದು ನಿಮಿಷ ವರ್ಕ್‌ಶಾಪಿನ ಮೂಲೆಯ ಆ ಹಾಳು ಫ್ರಿಜ್ಜಿನ ಬಗ್ಗೆ. ನೆನಪಿದೆಯೇ, ಒಳಗೆ ಬಲ್ಬು ಉರಿಸಿಟ್ಟು ಮಳೆಗಾಲದಲ್ಲಿ ರಾಡುಗಳನ್ನು ಬೆಚ್ಚಗೆ ಇಡುತ್ತಿದ್ದ ಫ್ರಿಜ್ಜು? "ಬಲ್ಬು ಆರಿದರೆ ಯಾರಾದರೂ ಬದಲಾಯಿಸಿ" ಎಂದರು. ಅಷ್ಟೇ.

ನಾವು ಸೇರಿದ ಮೊದಲ ದಿನಗಳು ನಿನಗೆ ನೆನಪಿರಬೇಕು. ಕಿಡಿ ಹಾರಿಸುವ ಆಸೆಯಿಂದ ಹೋಗಿದ್ದೆವು. ಕೈಗೆ ಸಿಕ್ಕಿದ್ದು ಅರ. ಕಬ್ಬಿಣದ ತುಂಡನ್ನು ಮಟ್ಟಸ ಮಾಡುವುದರಲ್ಲೇ ದಿನಗಳು ಹೋದವು. ಆಮೇಲೆ ಹೋಲ್ಡರ್ ಕೊಟ್ಟರು, ಮಷೀನು ಚಾಲೂ ಮಾಡಲಿಲ್ಲ. ತಣ್ಣಗಿನ ರಾಡನ್ನು ತಗಡಿನ ಮೇಲೆ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಎಳೆಯುವ ಆಟ. ನೀನು "ಇದು ಮದುವೆಯಿಲ್ಲದ ದಿಬ್ಬಣ" ಎಂದಿದ್ದೆ. ಅವರಿಗೆ ಕೇಳಿಸಿತ್ತು, ನಕ್ಕಿದ್ದರು.

ಕೊನೆಗೆ 3.15 ಮಿಲಿಮೀಟರಿನ 6013 ನಂಬರಿನ ವೆಲ್ಡಿಂಗ್ ರಾಡ್ ಸಿಕ್ಕಿಸಿ, ಮಷೀನನ್ನು 110 ಆಂಪಿಯರಿಗೆ ತಿರುಗಿಸಿ ಕೊಟ್ಟ ದಿನ ಅವರು ಹೇಳಿದ ಮಾತು ನನಗೆ ಇಂದಿಗೂ ಅನ್ನ ಹಾಕುತ್ತಿದೆ. "ಬೆಳಕನ್ನು ನೋಡಬೇಡ. ಬೆಳಕಿನ ಹಿಂದೆ ಒಂದು ಸಣ್ಣ ಕೆರೆ ಇದೆ, ಅದನ್ನು ನೋಡು." ಕಪ್ಪು ಗಾಜಿನ ಹಿಂದೆ ನನಗೆ ಮೊದಲು ಏನೂ ಕಾಣಲಿಲ್ಲ. ಬಿಳಿ ಚುಕ್ಕೆಯೊಂದು ಕುಣಿಯುತ್ತಿತ್ತು. ಎಷ್ಟೋ ರಾಡ್ ಸುಟ್ಟ ಮೇಲೆ ಒಂದು ಮಧ್ಯಾಹ್ನ ಕಂಡಿತು: ಚುಕ್ಕೆಯ ಬೆನ್ನಿಗೇ ಹೊಳೆಯುವ ಒಂದು ಬೊಟ್ಟಿನಷ್ಟು ಕರಗಿದ ಕಬ್ಬಿಣ, ಅದರ ಹಿಂದಿನಿಂದ ಕೆನೆಯ ಹಾಗೆ ಕಟ್ಟಿಕೊಳ್ಳುತ್ತ ಬರುವ ಕಿಟ್ಟ. ಕೆರೆ ಅಗಲವಾದರೆ ಕೈ ನಿಧಾನವಾಗಿದೆ ಎಂದರ್ಥ, ಕಿರಿದಾದರೆ ಓಡುತ್ತಿದೆ ಎಂದರ್ಥ. ರಾಡ್ ಏನು ಮಾಡುತ್ತಿದೆ ಎಂಬುದನ್ನು ರಾಡ್ ಹೇಳುವುದಿಲ್ಲ, ಕೆರೆ ಹೇಳುತ್ತದೆ.

ಹಾಂ, ಅದೇ ವಾರ ನೀನು ಶೀಲ್ಡ್ ಇಲ್ಲದೆ ಪಕ್ಕದವನ ಕೆಲಸ ನೋಡುತ್ತ ನಿಂತೆ. ರಾತ್ರಿ ಎರಡು ಗಂಟೆಗೆ ಕಣ್ಣಿಗೆ ಮರಳು ಹೊಯ್ದ ಹಾಗೆ ಆಗಿ ಹಾಸ್ಟೆಲಿನ ಎಲ್ಲರನ್ನೂ ಎಬ್ಬಿಸಿದೆ. ಆರ್ಕಿನ, ಅಂದರೆ ವೆಲ್ಡಿಂಗ್ ಕಿಡಿಯ, ಬೆಳಕು ಕಣ್ಣಿಗೆ ಬಿದ್ದ ಕೂಡಲೇ ಏನೂ ಆಗುವುದಿಲ್ಲ, ಆರೆಂಟು ಗಂಟೆ ಬಿಟ್ಟು ಸಾಲ ವಸೂಲಿಗೆ ಬರುತ್ತದೆ ಎಂದು ಅವರು ಬೆಳಗ್ಗೆಯೇ ಹೇಳಿದ್ದರು. ನೀನು ಕೇಳಿಸಿಕೊಂಡಿರಲಿಲ್ಲ. ಅಂಥವನು ಇಂದು ಅವರು ಕೆಟ್ಟರು ಎನ್ನುತ್ತಿದ್ದೀಯೆ!

ಇನ್ನು ಗುಡ್ಡೆಯ ವಿಷಯ. ನೀನು ಒಂದು ಭಾನುವಾರವೂ ಬರಲಿಲ್ಲ, ಕ್ರಿಕೆಟ್ ಇತ್ತು. ಹಾಗಾಗಿ ಮಾಷ್ಟ್ರದ್ದು ಎರಡು ಜೀವನ ಎಂದು ನೀನು ತಿಳಿದಿದ್ದೀಯೆ. ಒಂದು ಸಂಬಳದ್ದು, ಇನ್ನೊಂದು ಹುಚ್ಚಿನದು. ನಿನ್ನ ಲೆಕ್ಕ ತಪ್ಪಿದ್ದು ಅಲ್ಲೇ.

ನಮ್ಮ ಪಠ್ಯಪುಸ್ತಕ ಇಂಗ್ಲಿಷಿನದು, ಕ್ಲಾಸಿನಲ್ಲಿ ಹೆಚ್ಚಿನವರು ಮಲಯಾಳದವರು, ಕನ್ನಡ ಶಾಲೆಯಿಂದ ಬಂದ ನಾವು ನಾಲ್ಕೈದು ಮಂದಿ ಹಿಂದಿನ ಬೆಂಚಿನಲ್ಲಿ. ಪಾಠ ಮುಗಿದ ಮೇಲೆ ನಮಗೆಂದೇ ಅವರು ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರಲ್ಲ. ಬೆಸುಗೆಯ ಅಂಚಿನಲ್ಲಿ ಗೀರು ಬಿದ್ದರೆ ಅದಕ್ಕೆ ಅಂಡರ್‌ಕಟ್ ಎಂದು ಪುಸ್ತಕದಲ್ಲಿತ್ತು. ಅವರು ಇಟ್ಟ ಹೆಸರು "ಬದು ಕೊರೆತ". ಬೆಸುಗೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡು ತೂತು ತೂತಾದರೆ "ಗೆದ್ದಲು". ನಾವು ನಗುತ್ತಿದ್ದೆವು. ಆ ಹೆಸರುಗಳು ಬಂದದ್ದು ಎಲ್ಲಿಂದ ಎಂದು ನನಗೆ ತಿಳಿದದ್ದು ಒಂದು ಆಗಸ್ಟಿನ ಭಾನುವಾರ, ಪೊಸಡಿ ಗುಂಪೆ ಗುಡ್ಡೆಯಿಂದ ಇಳಿದು ಬರುವಾಗ. ತೋಟದ ಬದಿಯ ತೋಡಿನಲ್ಲಿ ಕೆಂಪು ನೀರು ರಭಸದಿಂದ ಹೋಗುತ್ತಿತ್ತು. ಅವರು ಕೊಡೆ ಮಡಚಿ ಅದರ ತುದಿಯಿಂದ ತೋರಿಸಿದರು. ನೀರು ತಿರುವಿನಲ್ಲಿ ಬದುವಿನ ಬುಡದ ಮಣ್ಣನ್ನು ಕೆರೆದು ಒಯ್ಯುತ್ತಿತ್ತು. ಒಯ್ದಷ್ಟನ್ನು ತುಂಬುವ ವ್ಯವಧಾನ ಅದಕ್ಕಿರಲಿಲ್ಲ. ಕೆಳಗೆ ನೀರು ಹರಡಿ ನಿಧಾನವಾದಲ್ಲಿ ಮಾತ್ರ ಹೂಳು ಕುಳಿತು ಅಂಚು ನುಣುಪಾಗಿತ್ತು. "ನಿನ್ನೆಯ ನಿನ್ನ ತುಂಡು ಇದೇ. ಆಂಪಿಯರ್ ಜಾಸ್ತಿ, ಕೈ ಓಟ. ಅಂಚಿಗೆ ಹೋದಾಗ ಒಂದು ಉಸಿರು ನಿಲ್ಲು. ಕೊರೆದ ಗುಂಡಿ ತುಂಬಲಿ, ಆಮೇಲೆ ಈಚೆಗೆ ಬಾ." ಮರುದಿನ ಹೋಗಿ ಹಾಗೇ ಮಾಡಿದೆ. ಗೀರು ಹೋಯಿತು. ತಿಂಗಳಿನಿಂದ ಹೋಗದ್ದು!

ಪೊಸಡಿ ಗುಂಪೆ ಎಂದರೆ ಏನೂ ಭಾರೀ ಬೆಟ್ಟವಲ್ಲ, ಸಾವಿರ ಅಡಿ ಚಿಲ್ಲರೆ. ಆದರೆ ಮಳೆ ಬಿಟ್ಟ ಹೊತ್ತಿನಲ್ಲಿ ನೆತ್ತಿಯ ಮೇಲೆ ನಿಂತರೆ ಪಶ್ಚಿಮಕ್ಕೆ ಕಡಲು ಕಾಣುತ್ತದೆ, ಮೂಡಣಕ್ಕೆ ಘಟ್ಟದ ಸಾಲು. ನೇರ ಏರಿನಲ್ಲಿ ನಾನು ಓಡಿ ಓಡಿ ಹತ್ತಿ ಅರ್ಧದಲ್ಲಿ ಕುಳಿತುಬಿಡುತ್ತಿದ್ದೆ. ಮಾಷ್ಟ್ರು ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕಾಲಿಗೆ ಸವೆದ ರಬ್ಬರ್ ಚಪ್ಪಲಿ, ಹೆಗಲ ಚೀಲದಲ್ಲಿ ಇಂಬಳಕ್ಕೆಂದು ಹೊಗೆಸೊಪ್ಪು-ಸುಣ್ಣದ ಗಂಟು, ಇಷ್ಟರಲ್ಲೇ ಒಂದೇ ಹದದಲ್ಲಿ ಮೇಲೆ ಹೋಗಿ ನನಗಾಗಿ ಕಾಯುತ್ತಿದ್ದರು. ನಿಂತ ತಗಡಿನ ಮೇಲೆ ಕೆಳಗಿನಿಂದ ಮೇಲಕ್ಕೆ ಬೆಸೆಯುವ ಪಾಠ ನನಗೆ ತಲೆಗೆ ಹೋದದ್ದೂ ಅಲ್ಲೇ. ಒಂದು ಮೆಟ್ಟಿಲು ಗಟ್ಟಿಯಾಗುವ ಮೊದಲು ಅದರ ಮೇಲೆ ಇನ್ನೊಂದು ಇಟ್ಟರೆ ಎಲ್ಲವೂ ಸೇರಿ ಜಾರಿ ಕೆಳಗೆ ಬೀಳುತ್ತದೆ.

ಸುರಂಗದ ಕೆಲಸ ಮಾಡಿದ್ದು ಮೊನ್ನೆ ಜೂನಿನಲ್ಲಿ. ಅದನ್ನು ಹೇಳಬೇಕೆಂದೇ ಇಷ್ಟು ದೂರ ಬಂದೆ.

ನಮ್ಮ ಬಾಯಾರು, ಎಣ್ಮಕಜೆ ಕಡೆಯ ಸುರಂಗ ಎಂದರೆ ನೀರಿನ ಸುರಂಗ ಎಂದು ನಿನಗೆ ಹೇಳಬೇಕಾಗಿಲ್ಲ. ಹೊರಗಿನವರು ಓದಿದರೆ ತಿಳಿಯಲಿ: ಕೆಂಪುಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಅಗಲ-ಎತ್ತರಕ್ಕೆ ಪಿಕ್ಕಾಸಿನಿಂದ ಕೊರೆದು, ಒಸರು ಸಿಕ್ಕಿದ ಮೇಲೆ ನೀರನ್ನು ಅದರ ಪಾಡಿಗೆ ಹೊರಗೆ ಹರಿಸಿಕೊಳ್ಳುವುದು. ಪಂಪು ಬೇಡ, ಕರೆಂಟು ಬೇಡ. ಇಲ್ಲಿನ ಎಷ್ಟೋ ಅಡಿಕೆ ತೋಟಗಳು ಬದುಕಿದ್ದು ಇದರಿಂದ. ಗುಡ್ಡೆಯಾಚೆಯ ಅಜ್ಜರೊಬ್ಬರ ಸುರಂಗಕ್ಕೆ ಮೊಮ್ಮಕ್ಕಳು ಟಾರ್ಚ್ ಹಿಡಿದು ನುಗ್ಗಲು ಶುರು ಮಾಡಿದ್ದರು. ಒಳಗೆ ಮಣ್ಣು ಕುಸಿದರೆ ಗತಿಯೇನು? ಒಂದು ಕಬ್ಬಿಣದ ಬಾಗಿಲು ಬೇಕು ಎಂದು ನನ್ನಲ್ಲಿಗೆ ಬಂದರು. ನಾನು ತಗಡಿನ ಬಾಗಿಲು, ಬೀಗ ಎಂದು ಬೆಲೆಯನ್ನೂ ಹೇಳಿಬಿಟ್ಟೆ. ಮಾಷ್ಟ್ರು ಅಂಗಡಿಯಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು. "ಅಳತೆಗೆ ಹೋಗುವುದು ಯಾವಾಗ? ಸಂಜೆ ಹೋಗುವ" ಎಂದರು.

ಸಂಜೆ ಹೋದೆವು. ಅಳತೆ ಹತ್ತು ನಿಮಿಷದಲ್ಲಿ ಮುಗಿಯಿತು. ಆದರೆ ಅವರು ಏಳಲಿಲ್ಲ. ಸುರಂಗದ ಬಾಯಿಯಿಂದ ಸ್ವಲ್ಪ ಬದಿಗೆ, ಒಂದು ಕಲ್ಲಿನ ಮೇಲೆ ಕುಳಿತೇ ಇದ್ದರು. ಕತ್ತಲಾಗುವ ಹೊತ್ತಿಗೆ ಒಳಗಿನಿಂದ ಒಂದು ಬಾವಲಿ ಬಂತು. ಮತ್ತೆ ಎರಡು. ಮತ್ತೆ ಸಾಲಾಗಿ. ನನ್ನ ಕಿವಿಯ ಪಕ್ಕದಲ್ಲೇ ಗಾಳಿ ಬೀಸಿದ ಹಾಗೆ ಆಗುತ್ತಿತ್ತು, ಮೈಗೆ ಒಂದೂ ತಾಗಲಿಲ್ಲ. ಮಾಷ್ಟ್ರು ಪ್ರತಿ ಹತ್ತಕ್ಕೆ ಒಂದು ಬೆಣಚುಕಲ್ಲನ್ನು ಎಡಗೈಯಿಂದ ಬಲಗೈಗೆ ಹಾಕಿಕೊಳ್ಳುತ್ತಿದ್ದರು. ಏಳು ಕಲ್ಲು ಆದ ಮೇಲೆ ಕೇಳಿದರು, "ಇವರಿಗೆ ಬೀಗದ ಕೀಲಿ ಕೊಡುತ್ತೀಯಾ?"

ತಗಡು ಹೋಯಿತು. ಬಂದದ್ದು ಸರಳಿನ ಬಾಗಿಲು. ಅದೂ ಉದ್ದುದ್ದ ಸರಳಲ್ಲ, ಅಡ್ಡ ಸರಳು. ಬಾವಲಿ ರೆಕ್ಕೆ ಅಗಲಿಸಿ ಹಾರುವುದರಿಂದ ಅದಕ್ಕೆ ಬೇಕಾಗಿರುವುದು ಅಡ್ಡಕ್ಕೆ ಉದ್ದವಾದ ಸಂದು. ನಡುವೆ ಆರಿಂಚಿಗೆ ಸ್ವಲ್ಪ ಕಡಿಮೆ ಬಿಟ್ಟರೆ ಬಾವಲಿ ಹೋಗುತ್ತದೆ, ಮಕ್ಕಳು ಹೋಗಲಾರರು. ಸುರಂಗದ ಬಾಯಿ ಒಂದೊಂದು ಕಡೆ ಒಂದೊಂದು ತರ. ಅಂಗಡಿಯಲ್ಲಿ ಮಾಡಿ ತಂದು ಕೂರಿಸುವ ಹಾಗಿರಲಿಲ್ಲ. ಜೀಪಿನಲ್ಲಿ ಜನರೇಟರ್, ಮಷೀನು ಹೊತ್ತು ಹೋಗಿ, ಬಾಯಿಯ ಹೊರಗೆ ಟಾರ್ಪಾಲು ಕಟ್ಟಿ, ಕಾಲಡಿಗೆ ಒಣ ಹಲಗೆ ಹಾಕಿಕೊಂಡು ಕೆಲಸ. ಒಳಗೆ ಬೆಸುಗೆ ಹಾಕಕೂಡದು ಎಂದು ಅವರದು ಕಟ್ಟಪ್ಪಣೆ. ಹೊಗೆ ಹೋಗಲು ಅಲ್ಲಿ ದಾರಿಯಿಲ್ಲ. ಸುರಂಗ ತೋಡುವವರು ಮೇಣದ ಬತ್ತಿ ಹಿಡಿದು ಹೋಗುತ್ತಾರೆ, ಬತ್ತಿ ಮಂಕಾದರೆ ಹಿಂದೆ ಬರುತ್ತಾರೆ. ಮಾಷ್ಟ್ರೂ ಮೊದಲು ಬತ್ತಿ ಹಚ್ಚಿಕೊಂಡೇ ಹತ್ತು ಹೆಜ್ಜೆ ಹೋಗಿ ಬಂದರು.

ನಾನು ಮಾಡಿದ ಎಡವಟ್ಟನ್ನೂ ಬರೆಯುತ್ತೇನೆ, ನೀನು ನಗು. ತುಕ್ಕು ಹಿಡಿಯಬಾರದೆಂದು ಚೌಕಟ್ಟಿಗೆ ಸತುವಿನ ಲೇಪದ ಜಿಐ ಪೈಪು ತಂದಿದ್ದೆ. "ಪ್ರತಿ ಜೋಡಣೆಯ ಎರಡೂ ಬದಿ ಒಂದೊಂದು ಇಂಚು ಸತು ಉಜ್ಜಿ ತೆಗೆ, ಕೊನೆಗೆ ಸತುವಿನ ಬಣ್ಣ ಹೊಡೆದರಾಯಿತು" ಎಂದು ಹೇಳಿ ಅವರು ತೋಟದ ಕಡೆ ಹೋದರು. ಮಳೆ ಬರುವ ಸೂಚನೆ ಇತ್ತು. ಎರಡು ಜೋಡಣೆ ಉಜ್ಜಿದೆ, ಉಳಿದದ್ದನ್ನು ಹಾಗೇ ಬೆಸೆದೆ. ಗಾಳಿ ನನ್ನ ಮುಖಕ್ಕೇ. ಬಿಳಿ ಹೊಗೆ ಹತ್ತಿಯ ಎಳೆಯ ಹಾಗೆ ಹಾರುತ್ತಿತ್ತು, ಬಾಯಿಯಲ್ಲಿ ಏನೋ ಸಿಹಿ ರುಚಿ. ರಾತ್ರಿ ಒಂಬತ್ತಕ್ಕೆ ನಡುಕ ಶುರುವಾಯಿತು ನೋಡು, ಎರಡು ಕಂಬಳಿ ಸಾಲಲಿಲ್ಲ. ಡೆಂಗ್ಯೂ ಎಂದು ಅಮ್ಮ ಗಾಬರಿಯಾದರು. ಮಾಷ್ಟ್ರಿಗೆ ಫೋನು ಹೋಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ, "ಬಾಯಿ ಸಿಹಿ ಇತ್ತಾ?" ಸತುವಿನ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ, ಉಸಿರಿಗೆ ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರಂತೆ. ಮರುದಿನ ಸಂಜೆಗೆ ಇಳಿಯಿತು. ಅದರ ಮರುದಿನ ಬೆಳಗ್ಗೆ ಬಂದರು. ಕೈಯಲ್ಲಿ ಹಣ್ಣಲ್ಲ, ವೈರ್ ಬ್ರಷ್ಷು! ಆ ಜೋಡಣೆಗಳನ್ನೆಲ್ಲ ಗ್ರೈಂಡರಿನಲ್ಲಿ ಕೊರೆದು ತೆಗೆಸಿ, ಮತ್ತೆ ಹಾಕಿಸಿದರು. ಕತ್ತರಿಸಿದಲ್ಲಿ ಒಳಗೆಲ್ಲ ಗೆದ್ದಲು.

ನೀನು ಹೇಳುವ ಗಲ್ಫಿನ ಮಾತಿಗೆ ಬರುತ್ತೇನೆ. ಅಲ್ಲಿಯ ಕೆಲಸಕ್ಕೆ ಬೇಕಾದ, ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿ, ತಿರುಗಿಸದೆ, ತಾನೇ ಸುತ್ತ ಬಗ್ಗಿ ಎದ್ದು ಬೆಸೆಯುವ 6ಜಿ ಪರೀಕ್ಷೆಯನ್ನು ನೀನು ಮೂರನೆಯ ಸಲಕ್ಕೆ ಪಾಸು ಮಾಡಿದೆ, ನಾನು ಮಾಡಲೇ ಇಲ್ಲ. ಮಾಷ್ಟ್ರು ಪ್ರಾಯದಲ್ಲಿ ಮುಂಬೈಗೆ ಹೋಗಿ ಮೊದಲ ಸಲಕ್ಕೇ ಪಾಸು ಮಾಡಿದ್ದರು. ಇದು ನಿನಗೂ ಗೊತ್ತಿದೆ, ಅದಕ್ಕೇ ನಿನಗೆ ಹೊಟ್ಟೆ ಉರಿಯುವುದು. ಮತ್ತೆ ಏಕೆ ಹೋಗಲಿಲ್ಲ ಎಂದು ನಾನು ಮೂರು ಸಲ ಕೇಳಿದ್ದೇನೆ. ಮೊದಲ ಸಲ ತಾಯಿಗೆ ಹುಷಾರಿರಲಿಲ್ಲ ಎಂದರು. ಎರಡನೆಯ ಸಲ, ಅಲ್ಲಿ ಮಳೆಯಿಲ್ಲವಂತೆ ಎಂದರು. ಮೂರನೆಯ ಸಲ ಕೇಬಲ್ ಸುತ್ತುತ್ತಿದ್ದರು, ಸುತ್ತುತ್ತಲೇ ಇದ್ದರು. ಹಣ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಮನೆಯ ಮಾಡಿಗೆ ಹಂಚು ಬದಲಿಸಲು ಸಾಲ ತೆಗೆದದ್ದು ನನಗೆ ಗೊತ್ತು. ಮಗಳ ಕಾಲೇಜಿನ ವರ್ಷಗಳಲ್ಲಿ ರಾತ್ರಿ ಗೇಟು, ಗ್ರಿಲ್ಲು ಮಾಡಿಕೊಟ್ಟದ್ದೂ ಗೊತ್ತು. ನಷ್ಟವೇ ಆಗಿಲ್ಲ ಎಂದು ವಾದಿಸಲು ನಾನು ಕುಳಿತಿಲ್ಲ.

ಆದರೆ ಪಯಸ್ವಿನಿಯ ದಡದಲ್ಲಿ ಎರಡು ಶನಿವಾರ ಅವರ ಜೊತೆ ಕುಳಿತವನು ನಾನು. ಆ ಹೊಳೆಯಲ್ಲಿ ಮೆದುಚಿಪ್ಪಿನ ದೈತ್ಯ ಆಮೆ ಇದೆ. 2023ರಲ್ಲಿ ಕಾಸರಗೋಡು ತನ್ನ ಜಿಲ್ಲೆಗೇ ಒಂದು ಮರ, ಒಂದು ಹೂ, ಒಂದು ಹಕ್ಕಿ ಎಂದು ಆರಿಸಿಕೊಂಡಾಗ ಪ್ರಾಣಿಯೆಂದು ಆರಿಸಿದ್ದು ಇದನ್ನೇ. ಹೆಚ್ಚು ಕಡಿಮೆ ಜೀವಮಾನವಿಡೀ ಮರಳಿನಲ್ಲಿ ಹೂತುಕೊಂಡು, ಉಸಿರಿಗೆಂದು ದಿನಕ್ಕೆ ಒಂದೆರಡು ಸಲ ಮಾತ್ರ ಮೂಗು ಮೇಲೆತ್ತುವ ಪ್ರಾಣಿ. ಎರಡನೆಯ ಶನಿವಾರ ಮಧ್ಯಾಹ್ನ ಅವರು ನನ್ನ ಮೊಣಕೈ ಒತ್ತಿದರು. ನನಗೆ ಕಂಡದ್ದು ನೀರಿನ ಮೇಲೆ ಒಂದು ಸುಕ್ಕು. ಅವರಿಗೆ ಮೂಗು ಕಂಡಿತು. ಬೆಳಕು ಕುಣಿಯುವ ನೀರಿನಲ್ಲಿ ಬೆಳಕನ್ನು ಬಿಟ್ಟು ಉಳಿದದ್ದನ್ನು ನೋಡುವ ಕಣ್ಣು ಅದು. ವರ್ಕ್‌ಶಾಪಿನಲ್ಲಿ ನಮಗೆ ಕೊಡಲು ನೋಡಿದ್ದೂ ಅದನ್ನೇ. ಈಗ ಹೇಳು, ಯಾವುದು ಕೆಲಸ, ಯಾವುದು ಹುಚ್ಚು?

ನಿನ್ನೆ ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳಿನದು. ಬೆಳಕು ಹರಿಯುವ ಮೊದಲು ಕಷಾಯಕ್ಕೆ ಪಾಲೆ ಮರದ ತೊಗಟೆ ತರಬೇಕಲ್ಲ, ಅದೂ ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ. ವರ್ಷದಲ್ಲಿ ಕಬ್ಬಿಣ ಮುಟ್ಟದ ಒಂದು ಬೆಳಗ್ಗೆ ಎಂದು ಮಾಷ್ಟ್ರು ಅದನ್ನು ಬಹಳ ಪ್ರೀತಿಯಿಂದ ಆಚರಿಸುತ್ತಾರೆ. ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆ ತಂದರೆ ಕಷಾಯ ಹೋಗಿ ವಿಷವಾಗುತ್ತದೆ. ಕಾಸರಗೋಡಿಗೆ ಹೆಸರು ಕೊಟ್ಟಿತೆಂದು ಕೆಲವರು ಹೇಳುವ ಮರವೇ ಊರವರ ಜೀವ ತೆಗೆಯಬಲ್ಲದು. ಹಾಗಾಗಿ ಹಿಂದಿನ ದಿನವೇ ಹಗಲಲ್ಲಿ ಅಕ್ಕಪಕ್ಕದ ಹುಡುಗರನ್ನೆಲ್ಲ ಕರೆದೊಯ್ದು ತೋರಿಸಿ, ಪಾಲೆಗೆ ಬಿಳಿ ನೂಲು ಕಟ್ಟಿ ಬಂದಿದ್ದರು. ಪಾಲೆಗೆ ಒಂದೇ ಗೆಣ್ಣಿನಲ್ಲಿ ಏಳರ ಆಸುಪಾಸು ಎಲೆ, ಗೀರಿದರೆ ಹಾಲು. ಕಾಸರಕಕ್ಕೆ ಎದುರುಬದುರು ಎರಡೇ ಎಲೆ, ಬುಡದಿಂದಲೇ ಹೊರಟ ನರಗಳು, ಹಾಲಿಲ್ಲ. "ಕಣ್ಣು ಕಟ್ಟಿ ಬಿಟ್ಟರೂ ಬೆರಳಿಗೆ ಗೊತ್ತಾಗಬೇಕು" ಎಂದು ಒಬ್ಬೊಬ್ಬರ ಕೈಯನ್ನೂ ಹಿಡಿದು ಎಲೆಯ ಮೇಲೆ ಆಡಿಸಿದರು. ತಣ್ಣಗಿನ ರಾಡ್ ಹಿಡಿಸಿದ ಹಾಗೇ.

ಕಷಾಯಕ್ಕೆ ಹಾಕಲು ಬಿಳಿಕಲ್ಲು ಕಾಯಿಸುವಾಗ ನನಗೆ ಅವಸರ. ಒಲೆಯ ಮುಂದೆ ಕುಳಿತು "ಇದಿನ್ನೂ ಮಂದ ಕೆಂಪು. ಕಿತ್ತಳೆಗೆ ಬರಲಿ" ಎಂದರು. ಬಂದ ಮೇಲೆ ಹಾಕಿದೆವು, ಚೊಂಯ್ ಎಂದಿತು. ಕಹಿ ಎಂದರೆ ಕಹಿ. ಆಮೇಲೆ ಮೆಂತೆ ಗಂಜಿ ಉಂಡು, ನಿನ್ನ ಸಂದೇಶವನ್ನು ಅವರಿಗೂ ಕೇಳಿಸಿದೆ. ಬೈಯಬೇಡ, ಕೇಳಿಸಬೇಕೆನಿಸಿತು. ಪೂರ್ತಿ ಕೇಳಿ, "ಅವನ ಹಿಂದೆ ಗ್ರೈಂಡರ್ ಸದ್ದು ಕೇಳುತ್ತದೆ, ಡಿಸ್ಕು ಸವೆದಿದೆ, ಬದಲಾಯಿಸಲು ಹೇಳು" ಎಂದರು.

ಸುರಂಗದ ಬಾಗಿಲು ಕೂರಿಸಿದ ಸಂಜೆಯೂ ನಾವು ಅದೇ ಕಲ್ಲಿನ ಮೇಲೆ ಕುಳಿತಿದ್ದೆವು. ಮೊದಲ ಬಾವಲಿ ಸರಳಿನವರೆಗೆ ಬಂದು ತಿರುಗಿ ಒಳಗೆ ಹೋಯಿತು. ಎರಡನೆಯದೂ ಹಾಗೇ. ನನ್ನ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಅಜ್ಜರು ಏನೋ ಹೇಳಹೊರಟರು, ಮಾಷ್ಟ್ರು ಕೈ ಎತ್ತಿ ತಡೆದರು. ಒಳಗೆ ಕತ್ತಲಲ್ಲಿ ರೆಕ್ಕೆಯ ಸದ್ದು ಸುತ್ತು ಹಾಕುತ್ತಿತ್ತು. ಮತ್ತೆ ಒಂದು ಬಂತು, ಸರಳಿನ ಹತ್ತಿರ ಒಂದು ಕ್ಷಣ ತೂಗಿ, ನಡುವಿನ ಸಂದಿನಿಂದ ನುಣ್ಣಗೆ ಹೊರಗೆ ಜಾರಿತು. ಅದರ ಹಿಂದೆ ಉಳಿದವು. ಅವರು ಬೆಣಚುಕಲ್ಲು ಎಣಿಸಲು ಶುರು ಮಾಡಿದರು. ಈ ಸಲ ಆರೇ ಕಲ್ಲು. "ನಾಳೆ ಮತ್ತೆ ನೋಡುವ" ಎಂದು ಎದ್ದರು. ಮೂರು ದಿನ ಹೋದರು, ಮೂರನೆಯ ದಿನ ಏಳಾಯಿತಂತೆ.

ನೀನು ಓಣಕ್ಕೆ ರಜೆಯಲ್ಲಿ ಬರುವವನಲ್ಲವೇ. ಆ ಹೊತ್ತಿಗೆ ಪದವಿನ, ಅಂದರೆ ಗುಡ್ಡೆಯ ಮೇಲಿನ ಬಯಲಿನ, ತುಂಬ ನೀಲಿ ಹೂ ಹಾಸಿರುತ್ತದೆ. ಒಂದು ಭಾನುವಾರ ಖಾಲಿ ಇಟ್ಟುಕೋ, ಕ್ರಿಕೆಟ್ ಬೇಡ. ದುಬಾರಿ ಶೂ ಹಾಕಬೇಡ, ಪಾರೆಯ ಪಾಚಿಯ ಮೇಲೆ ಜಾರುತ್ತದೆ. ಬರುವಾಗ 11 ನಂಬರಿನ ಎರಡು ಕಪ್ಪು ಗಾಜು ತಾ. ಮತ್ತೆ, ಅವರ ಹಳೆಯ ಚಿಪ್ಪಿಂಗ್ ಸುತ್ತಿಗೆ, ಸ್ಪ್ರಿಂಗಿನ ಹಿಡಿ ಇರುವುದು, ನಿನ್ನ ಹತ್ತಿರವೇ ಇದೆಯಂತೆ. ನಾನು ಕಳೆದುಹಾಕಿದೆ ಎಂದು ಇಷ್ಟು ವರ್ಷ ಬೈಸಿಕೊಂಡವನು ನಾನು.

ನಿನ್ನ
ಹಿಂದಿನ ಬೆಂಚಿನವನು